ಮೂರನೇ ಬಾಲ್ಕನಿಯ ಜಗಳಗಳು

ಮೊದಲೇ ಒಪ್ಪಿಕೊಂಡುಬಿಡ್ತೇವೆ. ನಾವು ಮೊದಲ ಸಲ ಬ್ಯಾಲೆಗೆ ಹೋಗಿದ್ದು ಬ್ಯಾಲೆ ನೋಡೋಕಲ್ಲ, ಆಪೆರಾ ಹೌಸ್ ಒಳಗೆ ನಿಂತು ಫೋಟೋ ತೆಗೆಸಿಕೊಳ್ಳೋಕೆ.

ನಾವು ಅಂದರೆ ಮೂವರು. ಒಬ್ಬಳು ಹಾಸನದವಳು, ಒಬ್ಬ ಕುಂದಾಪುರದವನು, ಇನ್ನೊಬ್ಬ ಧಾರವಾಡದವನು. ಮೂವರೂ ಬಿಇ ಮುಗಿಸಿ ಮಾಸ್ಟರ್ಸ್‌ಗೆ ಅಂತ ಸ್ಟುಟ್‌ಗಾರ್ಟ್‌ಗೆ ಬಂದವರು. ಧಾರವಾಡದವನು ನಮಗಿಂತ ಒಂದು ವರ್ಷ ಸೀನಿಯರ್. ಇದನ್ನು ಟೈಪ್ ಮಾಡ್ತಿರೋ ಕೈ ಒಂದೇ ಆದರೂ ಅಭಿಪ್ರಾಯಗಳು ಮೂವರದ್ದು. ಅದಕ್ಕೇ ‘ನಾವು’.

ಅದು ನವೆಂಬರ್. ಐದಕ್ಕೆಲ್ಲ ಕತ್ತಲು, ಮೂರು ದಿನದಿಂದ ಬಿಡದ ಜಿಟಿಜಿಟಿ ಮಳೆ. ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಗೆ ಟಿಕೆಟ್ ಸಿಗುತ್ತೆ ಅಂತ ಯಾರೋ ಹೇಳಿದರು. ಯೂನಿವರ್ಸಿಟಿ ಸ್ಟೇಷನ್ನಲ್ಲಿ ಎಸ್-ಬಾನ್ ಹತ್ತಿ, ಹೌಪ್ಟ್‌ಬಾನ್‌ಹೋಫ್‌ನಲ್ಲಿ ಇಳಿದು, ಪಾರ್ಕಿನ ಕೊಳ ಸುತ್ತಿಕೊಂಡು ಹೋದೆವು. 1912ರಲ್ಲಿ ಕಟ್ಟಿದ ಕಟ್ಟಡ. ಎರಡನೇ ಮಹಾಯುದ್ಧದ ಬಾಂಬುಗಳಿಗೂ ಬಿದ್ದಿಲ್ಲ. ಒಳಗೆ ಸುಮಾರು 1400 ಸೀಟು, ಮೂರು ಅಂತಸ್ತಿನ ಬಾಲ್ಕನಿ. ನಮ್ಮ ಟಿಕೆಟ್ಟು ಮೂರನೇ ಬಾಲ್ಕನಿಯ ಎಡತುದಿಗೆ. ಅಲ್ಲಿ ಕೂತರೆ ವೇದಿಕೆಯ ಎಡಮೂಲೆ ಕಾಣಿಸಲ್ಲ. ಕತ್ತು ಚಾಚಿ ಬಗ್ಗಿದರೆ ಹಿಂದಿನವರಿಗೆ ಕಾಣಿಸಲ್ಲ. ಇದು ನಮಗೆ ಗೊತ್ತಾಗಿದ್ದು ಹಿಂದಿನ ಸಾಲಿನ ಅಜ್ಜಿ ಭುಜ ತಟ್ಟಿದ ಮೇಲೆ.

ಅವತ್ತು ‘ಸ್ವಾನ್ ಲೇಕ್’. ಕಪ್ಪು ಹಂಸ ಒಂಟಿ ಕಾಲಿನ ಮೇಲೆ 32 ಸುತ್ತು ತಿರುಗುತ್ತೆ ಅಂತ ಯೂಟ್ಯೂಬ್ ನೋಡಿಕೊಂಡು ಹೋಗಿದ್ದೆವು. ಸಿಕ್ಸರ್ ಎಣಿಸೋ ಹಾಗೆ ಎಣಿಸೋಕೆ ಶುರು ಮಾಡಿ, ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಲೆಕ್ಕ ತಪ್ಪಿತು. ಕೊನೆಗೆ ರಾಜಕುಮಾರ ನೀರಲ್ಲಿ ಮುಳುಗಿ ಸತ್ತ. ಎರಡನೇ ಅಂಕದಲ್ಲೇ ನಿದ್ದೆ ಹೋಗಿದ್ದ ಧಾರವಾಡದವನು ಚಪ್ಪಾಳೆ ಸದ್ದಿಗೆ ಎದ್ದು ಕೇಳಿದ, “ಮುಗೀತೇನ್ಲೇ? ಯಾರು ಗೆದ್ರು?”

ಫೋಟೋ ಚೆನ್ನಾಗಿ ಬಂದಿತ್ತು. ಅಲ್ಲಿಗೆ ವಿಷಯ ಮುಗೀಬೇಕಿತ್ತು.

ಮತ್ತೆ ಯಾಕೆ ಹೋದೆವು ಅಂತ ಕೇಳಿದರೆ, ನಿಜವಾದ ಉತ್ತರ ನಮ್ಮ ಜರ್ಮನ್. ಎ2 ಮಟ್ಟದ ಜರ್ಮನ್ ಇಟ್ಟುಕೊಂಡು ಈ ಊರಲ್ಲಿ ದಿನ ದೂಡೋದು ಅಂದರೆ ಇಡೀ ದಿನ ಅರ್ಧ ಅರ್ಥ ಮಾಡಿಕೊಂಡು ನಗೋದು. ಬೇಕರಿಯಲ್ಲಿ ನಗೋದು, ಆಫೀಸಿನ ಕೌಂಟರಿನಲ್ಲಿ ನಗೋದು, ಲ್ಯಾಬಿನಲ್ಲಿ ಎಲ್ಲರೂ ನಕ್ಕಾಗ ಒಂದು ಸೆಕೆಂಡು ತಡವಾಗಿ ನಗೋದು. ಬ್ಯಾಲೆಯಲ್ಲಿ ಮಾತೇ ಇಲ್ಲ. ಆ ಎರಡು-ಎರಡೂವರೆ ಗಂಟೆ, ಈ ಊರಲ್ಲೇ ಹುಟ್ಟಿ ಬೆಳೆದ ಅಜ್ಜಿಗೂ ನಮಗೂ ಸಿಗೋದು ಅಷ್ಟೇ. ಯಾರೂ ಯಾರಿಗಿಂತ ಹೆಚ್ಚು ತಿಳಿದವರಲ್ಲ. ನಾವು ಹಾಗಂದುಕೊಂಡಿದ್ದೆವು.

ಎರಡನೇ ಸಲ ನೋಡಿದ್ದು ‘ಒನೆಗಿನ್’. ಇದು ಇದೇ ಊರಿನ ಕೂಸು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಜಾನ್ ಕ್ರಾಂಕೊ 1961ರಲ್ಲಿ ಸ್ಟುಟ್‌ಗಾರ್ಟ್ ಬ್ಯಾಲೆಯ ನಿರ್ದೇಶಕರಾಗಿ ಬಂದು, 1965ರಲ್ಲಿ ಪುಷ್ಕಿನ್ ಕಥೆಯನ್ನು ಬ್ಯಾಲೆ ಮಾಡಿದರು. ಸಂಗೀತ ಚೈಕಾವ್ಸ್ಕಿಯದು, ಆದರೆ ಅದೇ ಹೆಸರಿನ ಆಪೆರಾದಿಂದ ತೆಗೆದದ್ದಲ್ಲ. ಅವರ ಬೇರೆ ಬೇರೆ ರಚನೆಗಳನ್ನು ಕುರ್ಟ್-ಹೈನ್ಸ್ ಸ್ಟೋಲ್ಸೆ ಜೋಡಿಸಿಕೊಟ್ಟರು. 1969ರಲ್ಲಿ ಈ ತಂಡ ನ್ಯೂಯಾರ್ಕಿಗೆ ಹೋಗಿ ಗೆದ್ದು ಬಂತು. 1973ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ವಿಮಾನದಲ್ಲೇ ಕ್ರಾಂಕೊ ತೀರಿಕೊಂಡರು. ವಯಸ್ಸು ಇನ್ನೂ 45. ಇಂದಿಗೂ ಈ ಊರಿನವರು ಅವರ ಹೆಸರನ್ನು ಮನೆಯ ಹಿರಿಯರ ಹೆಸರು ಹೇಳೋ ಹಾಗೆ ಹೇಳ್ತಾರೆ.

ಕಥೆ ಸುಲಭ. ಹಳ್ಳಿಯ ಹುಡುಗಿ ತತ್ಯಾನಾಗೆ ಪಟ್ಟಣದಿಂದ ಬಂದ ಒನೆಗಿನ್ ಮೇಲೆ ಮನಸ್ಸಾಗುತ್ತೆ. ರಾತ್ರಿ ಪತ್ರ ಬರೀತಾಳೆ. ಅವನು ಕನ್ನಡಿಯೊಳಗಿಂದ ಇಳಿದು ಬಂದು ಕುಣಿದ ಹಾಗೆ ಕನಸು ಕಾಣ್ತಾಳೆ. ಎರಡನೇ ಅಂಕದಲ್ಲಿ ಅವಳ ಹುಟ್ಟುಹಬ್ಬದ ದಿನವೇ ಅವನು ಆ ಪತ್ರವನ್ನು ಅವಳೆದುರು ಹರಿದುಹಾಕ್ತಾನೆ. ಸಾಲದ್ದಕ್ಕೆ ಅವಳ ತಂಗಿ ಓಲ್ಗಾ ಜೊತೆ ಸರಸವಾಡಿ, ಗೆಳೆಯ ಲೆನ್ಸ್ಕಿಯನ್ನು ಕೆಣಕಿ, ದ್ವಂದ್ವಯುದ್ಧದಲ್ಲಿ ಕೊಂದೂ ಬಿಡ್ತಾನೆ. ವರ್ಷಗಳ ನಂತರ ತತ್ಯಾನಾ ಗ್ರೆಮಿನ್ ಎಂಬ ರಾಜಮನೆತನದವನ ಹೆಂಡತಿ. ಈಗ ಪತ್ರ ಬರೆಯೋ ಸರದಿ ಒನೆಗಿನ್‌ದು, ಹರಿಯೋ ಸರದಿ ಅವಳದು. ಅವನನ್ನು ಹೊರಗೆ ಕಳಿಸಿ ಒಬ್ಬಳೇ ನಿಲ್ತಾಳೆ. ತೆರೆ ಬೀಳುತ್ತೆ.

ಈ ಸಲ ಧಾರವಾಡದವನು ಮಲಗಲಿಲ್ಲ. ಹೊರಗೆ ಬಂದು ಸ್ಟೇಷನ್ ತಲುಪೋವರೆಗೂ ಮಾತಿಲ್ಲ. ಆಮೇಲೆ, “ಮತ್ತೊಮ್ಮೆ ನೋಡೂಣು” ಅಂದ.

ಗೊತ್ತಿರೋ ಕಥೆನ ಮತ್ತೆ ಯಾಕೆ ನೋಡೋದು ಅಂತ ಹಾಸನದವಳು ಕೇಳಿದಳು. ಅದಕ್ಕೆ ಕುಂದಾಪುರದವನು, “ಗೊತ್ತಿದ್ದೇ ಹೋಪುದಲ್ದಾ ಮಾರಾಯ್ತಿ!” ಅಂದ. ಅವನ ಅಜ್ಜ ಗದಾಯುದ್ಧ ಪ್ರಸಂಗವನ್ನು ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ. ಕೌರವ ಸಾಯ್ತಾನೆ ಅಂತ ಅಜ್ಜನಿಗೆ ಗೊತ್ತಿಲ್ಲವೇ? ಬಯಲಾಟಕ್ಕೆ ಹೊರಡೋ ಮುಂಚೆ ಅಜ್ಜ ಕೇಳ್ತಿದ್ದದ್ದು ಒಂದೇ, ‘ಇವತ್ತು ಕೌರವ ಯಾರದ್ದು?’ ಬೆಳಗ್ಗೆ ವಾಪಸ್ ಬಂದು ಕಾಫಿ ಕುಡೀತಾ, ಇವರು ಹೆಚ್ಚೋ ಅವರು ಹೆಚ್ಚೋ ಅಂತ ಪಕ್ಕದ ಮನೆಯವರ ಜೊತೆ ಜಗಳ.

ಅಲ್ಲಿಂದ ನಾವೂ ಅಜ್ಜನ ದಾರಿ ಹಿಡಿದೆವು. ‘ಒನೆಗಿನ್’ ಅನ್ನು ಮೂರು ಸಲ, ಮೂರು ಬೇರೆ ತತ್ಯಾನಾರಲ್ಲಿ ನೋಡಿದೆವು. ಆ ದಿನ ಯಾವ ಪಾತ್ರ ಯಾರದ್ದು ಅನ್ನೋ ಚೀಟಿಯನ್ನು ಹಾಸನದವಳು ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ.

ಈಗ ನಮ್ಮ ಅಭಿಪ್ರಾಯಗಳು. ಹೆಸರು ಹಾಕಿ ಜಗಳ ಹಚ್ಚಲ್ಲ.

ಒಬ್ಬರು ಕೊನೆಯಲ್ಲಿ ಪತ್ರವನ್ನು ಸರಸರ ಹರಿದರು, ಇನ್ನೊಂದು ಕ್ಷಣ ತಡವಾದರೆ ಮನಸ್ಸು ಬದಲಾಗುತ್ತೇನೋ ಅನ್ನೋ ಹಾಗೆ. ಇನ್ನೊಬ್ಬರು ನಿಧಾನವಾಗಿ, ಒಂದೊಂದು ಚೂರೂ ಕಾಣೋ ಹಾಗೆ ಹರಿದರು. ಅದು ಎರಡನೇ ಅಂಕದ ಸೇಡು ಅಂತ ಕುಂದಾಪುರದವನ ವಾದ. ಸೇಡಲ್ಲ, ತನಗೆ ತಾನೇ ಮಾಡಿಕೊಂಡ ಶಿಕ್ಷೆ ಅಂತ ಹಾಸನದವಳದ್ದು. ಮೂರನೆಯವರು ಹರಿದಾಗ ಕೈ ನಡುಗಿದ್ದು ನಟನೆಯೋ ಸುಸ್ತೋ ನಮಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಹಾಸನದವಳ ಮಾತಿಗೆ ನಾವು ಸ್ವಲ್ಪ ಹೆಚ್ಚು ತೂಕ ಕೊಡ್ತೇವೆ. ಅವಳು ಭರತನಾಟ್ಯದಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು. ಪಿಯುಸಿ ಬಂತು, ಸಿಇಟಿ ಬಂತು, ಗೆಜ್ಜೆ ಬೀರು ಸೇರಿತು. ಅವಳು ಹೇಳೋದು ಹೀಗೆ: ನಮ್ಮಲ್ಲಿ ಅರಮಂಡಿಯಲ್ಲಿ ಕೂತು ನೆಲವನ್ನು ತುಳೀತೇವೆ, ಇವರು ನೆಲ ಇಲ್ಲವೇ ಇಲ್ಲ ಅನ್ನೋ ಹಾಗೆ ಮೇಲೇಳ್ತಾರೆ. ನಮ್ಮಲ್ಲಿ ಕಣ್ಣು, ಹುಬ್ಬು, ಕೈ ಮಾತಾಡುತ್ತೆ. ಆದರೆ ಮೂರನೇ ಬಾಲ್ಕನಿಗೆ ಹುಬ್ಬು ಎಲ್ಲಿ ಕಾಣ್ಬೇಕು? ಅದಕ್ಕೇ ಒಳ್ಳೆಯ ಬ್ಯಾಲೆ ಕಲಾವಿದೆ ಬೆನ್ನಲ್ಲಿ ಅಭಿನಯ ಮಾಡ್ತಾಳೆ. ಪತ್ರ ಹರಿದ ಮೇಲೆ ಬೆನ್ನು ನೋಡಿ, ಮುಖ ಬೇಡ. ಇದನ್ನು ಹೇಳುವಾಗ ಅವಳು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದಳು. ಮಾತು ಮುಗಿಸಿ, “ನಾನು ಬಿಡಬಾರದಿತ್ತು ಕಣ್ರೋ” ಅಂದಳು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಅಭಿಪ್ರಾಯ. ಸುತ್ತು ಎಣಿಸಬೇಡಿ. ಮೆಕ್ಯಾನಿಕಲ್‌ನವರಿಗೆ ಆಸೆ ಆಗೋದು ಸಹಜ. ಆ ಶೂ ತುದಿಯೂ ಮರದ್ದಲ್ಲ. ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿದ್ದು. ಭಾರೀ ಪಾತ್ರವಾದರೆ ಒಂದೇ ರಾತ್ರಿಗೆ ಒಂದು ಜೊತೆ ಮೆತ್ತಗಾಗಿ ಹೋಗುತ್ತೆ. ಇದೆಲ್ಲ ತಿಳಿದಿರಲಿ, ಆದರೆ ಎಣಿಸ್ತಾ ಕೂತವರಿಗೆ ಅವಳು ಯಾಕೆ ತಿರುಗ್ತಿದ್ದಾಳೆ ಅನ್ನೋದು ತಪ್ಪಿಹೋಗುತ್ತೆ.

ಹೊಸದಾಗಿ ಬಂದ ತಮ್ಮ ತಂಗಿಯರಿಗೆ ಒಂದಿಷ್ಟು ಕಿವಿಮಾತು. ಜಾಕೆಟ್ಟನ್ನು ಹೊರಗಿನ ಗಾರ್ಡೆರೋಬೆಯಲ್ಲಿ ಕೊಡಿ. ಸಾಲಿನೊಳಗೆ ಹೋಗುವಾಗ ಕೂತವರಿಗೆ ಬೆನ್ನು ಹಾಕದೆ ಅವರ ಕಡೆ ಮುಖ ಮಾಡಿ ಹೋಗೋದು ಇಲ್ಲಿನ ರೀತಿ. ಜೀನ್ಸ್ ನಡೆಯುತ್ತೆ, ತಡ ನಡೆಯಲ್ಲ. ಇಂಟರ್ವಲ್‌ನಲ್ಲಿ ಬ್ರೆಟ್ಸೆಲ್ ದುಬಾರಿ, ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಟಿಕೆಟ್ಟಿಗೂ ದುಡ್ಡಿಲ್ಲವೇ? ಬೇಸಿಗೆಯಲ್ಲಿ ‘ಬ್ಯಾಲೆ ಇಮ್ ಪಾರ್ಕ್’ ಇದ್ದಾಗ ಆಪೆರಾ ಹೌಸ್ ಎದುರಿನ ಪಾರ್ಕಿನಲ್ಲಿ ದೊಡ್ಡ ಪರದೆ ಹಾಕಿ ಒಳಗಿನ ಪ್ರದರ್ಶನವನ್ನು ಪುಕ್ಕಟೆ ತೋರಿಸ್ತಾರೆ. ಚಾಪೆ, ಡಬ್ಬಿಯಲ್ಲಿ ಚಿತ್ರಾನ್ನ ತಗೊಂಡು ಹೋಗಿ. ನಾವು ಹೋಗಿದ್ದೆವು.

ಮೂರನೇ ‘ಒನೆಗಿನ್’ ಧಾರವಾಡದವನ ಜೊತೆ ನಮ್ಮ ಕೊನೆಯದು. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳ ವೀಸಾ ಸಿಗುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ಅವನು ಅದನ್ನು ಪೂರ್ತಿ ಬಳಸಲಿಲ್ಲ. ಎಂಬತ್ತಕ್ಕೂ ಹೆಚ್ಚು ಅರ್ಜಿ, ಪ್ರತಿ ಉತ್ತರದಲ್ಲೂ ‘ಲೈಡರ್’ ಅನ್ನೋ ಪದ. ‘ಕ್ಷಮಿಸಿ, ಆಗಲ್ಲ’ ಅನ್ನೋದನ್ನು ಅವನು ಜರ್ಮನ್‌ನಲ್ಲಿ ಅಷ್ಟು ಚೆನ್ನಾಗಿ ಕಲಿತ. ಆ ಕಡೆ ಅಪ್ಪನಿಗೆ ಹುಷಾರಿಲ್ಲ, ಬ್ಯಾಂಕಿನ ಕಂತು ಬೇರೆ. ಹೊರಡೋ ವಾರ, ಟಿಕೆಟ್ ಅವನೇ ತಂದ.

ಅವತ್ತು ಇಂಟರ್ವಲ್‌ನಲ್ಲಿ ಹಿಂದಿನ ಸಾಲಿನ ಒಬ್ಬ ಅಜ್ಜಿ (ಭುಜ ತಟ್ಟಿದ ಅಜ್ಜಿಯಲ್ಲ, ಆದರೆ ಅದೇ ಜಾತಿಯ ಅಜ್ಜಿ) ಜರ್ಮನ್‌ನಲ್ಲಿ ಕೇಳಿದರು, ಹೇಗನಿಸ್ತಿದೆ ಅಂತ. ನಾವಿಬ್ಬರೂ ಅಭ್ಯಾಸದಂತೆ ನಕ್ಕು ‘ತುಂಬಾ ಚಂದ’ ಅಂದೆವು. ಧಾರವಾಡದವನು ಮಾತ್ರ ತನ್ನ ಮುರುಕು ಜರ್ಮನ್‌ನಲ್ಲಿ, ಲೆನ್ಸ್ಕಿ ಒಳ್ಳೆಯವನು, ಒನೆಗಿನ್ ಇನ್ನೂ ಸೊಕ್ಕಿನವನಾಗಬೇಕಿತ್ತು, ಹೋದ ಸಲದವನೇ ಮೇಲು ಅಂದ. ಅಜ್ಜಿಯ ಮುಖ ಅರಳಿತು. ಇಲ್ಲ ಇಲ್ಲ, ಇವನೇ ಸರಿ ಅಂತ ವಾದಕ್ಕೆ ಇಳಿದರು. ಗಂಟೆ ಹೊಡೆಯೋವರೆಗೂ ಇಬ್ಬರದ್ದೂ ಜಗಳ. ಅರ್ಧ ಮಾತು ಅವನಿಗೆ ಅರ್ಥವಾಗಲಿಲ್ಲ, ಆದರೂ ಅವನು ತಡವಾಗಿ ನಗಲಿಲ್ಲ.

ಆಗ ನಮಗೆ ಹೊಳೆದದ್ದು ಇಷ್ಟೇ. ನೋಡೋಕೆ ಬಂದವನಿಗೆ ಎಲ್ಲವೂ ಚಂದ. ಊರಿನವನಿಗೆ ಮಾತ್ರ ಹೋದ ಸಲದ ನೆನಪು ಇರುತ್ತೆ, ತಕರಾರು ಇರುತ್ತೆ. ನಮ್ಮ ಮೂವರಲ್ಲಿ ಮೊದಲು ಈ ಊರಿನವನಾದದ್ದು, ನಾಲ್ಕು ದಿನದಲ್ಲಿ ಊರು ಬಿಡೋನು.

ವಾಪಸ್ ಬರುವಾಗ ಅವನು ಹೇಳಿದ್ದು, “ಅಲ್ಲಿ ಹ್ವಾದ್ರ ಇದರ ಬಗ್ಗೆ ಯಾರ್ ಕೂಡ ಜಗಳ ಆಡ್ಲಿ?”

ಎರಡು ತಿಂಗಳಾದ ಮೇಲೆ ಒಂದು ವಾಯ್ಸ್ ನೋಟ್ ಬಂತು. ಆರು ನಿಮಿಷದ್ದು. ಧಾರವಾಡದಲ್ಲಿ ನಾಟಕ ನೋಡಿ ಬಂದಿದ್ದನಂತೆ. ಕೆಲಸದ ಸುದ್ದಿ ಇಲ್ಲ, ಅಪ್ಪ ಪರವಾಗಿಲ್ಲ, ಉಳಿದ ಐದು ನಿಮಿಷ ನಾಯಕಿ ಅಳೋವಾಗ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲಬೇಕಿತ್ತು ಅನ್ನೋದರ ಬಗ್ಗೆ. ಹಾಸನದವಳು ಕೇಳಿ, “ನನ್ನ ಮಾತನ್ನೇ ಕದ್ದಿದ್ದಾನೆ ನೋಡು” ಅಂತ ಸಿಟ್ಟಾದಳು. ಸಿಟ್ಟಲ್ಲೇ ಫೋನ್ ಮಾಡಿದಳು.

ಈಗ ಮೂರನೇ ಬಾಲ್ಕನಿಯಲ್ಲಿ ನಮ್ಮ ಪಕ್ಕ ಒಂದು ಜಾಗ ಖಾಲಿ ಇದೆ. ಎಡಮೂಲೆ ಕಾಣಿಸಲ್ಲ, ಅದೊಂದು ತೊಂದರೆ. ಬನ್ನಿ. ಎರಡನೇ ಸಲವೂ ಬನ್ನಿ. ಬಂದು ‘ಚಂದ ಇತ್ತು’ ಅಂತ ಮಾತ್ರ ಹೇಳಬೇಡಿ.