ಮಾಲು ಕಳಿಸಿದ ಮೇಲಿನ ಕಷ್ಟ

ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ, ಒಂದು ವಿಎಂಸಿ, ಅಪ್ಪನ ಕಾಲದ ಹಳೇ ಲೇತ್, ಹತ್ತು ಹನ್ನೆರಡು ಜನ ಕೆಲಸಗಾರರು. ಪಂಪು, ವಾಲ್ವುಗಳಿಗೆ ಬೇಕಾದ ಶಾಫ್ಟ್, ಬುಷ್, ಫ್ಲ್ಯಾಂಜ್ ಮಾಡಿಕೊಡುತ್ತೇವೆ. ಪೈಪೋಟಿಯಲ್ಲಿ ಉಳಿಯಬೇಕಾದರೆ ಗುಣಮಟ್ಟ ಇರಬೇಕು, ದರ ಕಡಿಮೆ ಇರಬೇಕು, ಹೇಳಿದ ದಿನಕ್ಕೆ ಮಾಲು ಮುಟ್ಟಬೇಕು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಇಷ್ಟನ್ನೂ ಚಾಚೂ ತಪ್ಪದೆ ಪಾಲಿಸಿದ ಎಷ್ಟೋ ಶಾಪ್‌ಗಳು ನನ್ನ ಕಣ್ಣೆದುರೇ ಬಾಗಿಲು ಹಾಕಿವೆ. ನಮ್ಮದೂ ಆ ಸಾಲಿಗೆ ಸೇರುವುದರಲ್ಲಿತ್ತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ, ಫಿನಿಷ್ ಆದ ಮಾಲು ತುಕ್ಕು ಹಿಡಿಯದಂತೆ ಎಣ್ಣೆ ಸವರಿಸಿಕೊಂಡು ಟ್ರೇಗಳಲ್ಲಿ ಕೂತಿತ್ತು. ಸಾಗಿಸಲು ಗಾಡಿಯಿಲ್ಲ, ಇಳಿಸಿಕೊಳ್ಳಬೇಕಾದವರ ಗೇಟೂ ಬಂದ್. ತುಮಕೂರು, ಹಾಸನದ ಕಡೆಯ ಹುಡುಗರು ಹೇಗೋ ಊರು ಸೇರಿದರು. ಒಡಿಶಾದವರು ಶಾಪಿನಲ್ಲೇ ಅಡುಗೆ ಮಾಡಿಕೊಂಡಿದ್ದು, ಶ್ರಮಿಕ್ ರೈಲು ಬಿಟ್ಟ ಮೇಲೆ ಹೊರಟರು. ಅವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ.

ಅದಕ್ಕಿಂತ ಹೆಚ್ಚು ಹಿಂಡಿದ್ದು ಮೊದಲೇ ಕಳಿಸಿದ್ದ ಮಾಲಿನ ಹಣ. ನಮ್ಮ ವಹಿವಾಟಿನ ಬಹುಪಾಲು ಒಂದೇ ದೊಡ್ಡ ಕಂಪನಿಯ ಜೊತೆಗಿತ್ತು. ಅಲ್ಲಿನ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದಾಗಲೆಲ್ಲ ಒಂದು ಉತ್ತರ ಸಿದ್ಧವಿರುತ್ತಿತ್ತು: ಮೇಲಿನಿಂದ ರಿಲೀಸ್ ಆಗಿಲ್ಲ, ಮುಂದಿನ ವಾರ ನೋಡೋಣ. ಇತ್ತ ಇನ್‌ವಾಯ್ಸ್ ಹಾಕಿದ್ದಕ್ಕೆ ಜಿಎಸ್‌ಟಿ ಕಟ್ಟಲೇಬೇಕು. ಹಣ ಬಂತೋ ಇಲ್ಲವೋ ಎಂದು ಇಲಾಖೆ ಕೇಳುವುದಿಲ್ಲ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಬ್ಯಾಂಕಿನಲ್ಲಿ ಖಾತೆ ಎನ್‌ಪಿಎ ಆಗುತ್ತದೆ. ಆ ವರ್ಷ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಸಿಕ್ಕಿತು. ಬಾಕಿ ಸಾಲದ ಶೇ 20ರಷ್ಟು ಹೆಚ್ಚುವರಿ ಸಾಲವನ್ನು ಅಡಮಾನವಿಲ್ಲದೆ, ಕೇಂದ್ರ ಸರ್ಕಾರದ ಖಾತರಿಯ ಮೇಲೆ ಬ್ಯಾಂಕ್ ಕೊಟ್ಟಿತು. ಅದು ಸಂಬಳಕ್ಕೂ ಬಾಡಿಗೆಗೂ ಸರಿಹೋಯಿತು. ಜಿಎಸ್‌ಟಿ ಕಟ್ಟಲು ಹೆಂಡತಿಯ ಬಳೆ ಅಡವಿಟ್ಟೆವು.

2021ರಲ್ಲಿ ಉಕ್ಕಿನ ಬೆಲೆ ಗಗನಕ್ಕೇರಿತು. ದರ ಪರಿಷ್ಕರಿಸಿ ಎಂದು ಕೇಳಿದರೆ, ಅದೇ ಕಂಪನಿ ನಮ್ಮನ್ನು ರಿವರ್ಸ್ ಆಕ್ಷನ್‌ಗೆ ಕೂರಿಸಿತು. ಕಂಪ್ಯೂಟರಿನ ಮುಂದೆ ಕೂತು ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತಾ ಹೋಗಬೇಕು. ಎದುರಿಗೆ ಯಾರಿದ್ದಾರೆಂದು ತಿಳಿಯುವುದಿಲ್ಲ, ನಮ್ಮ ಸ್ಥಾನ ಎಷ್ಟನೆಯದು ಎಂಬುದಷ್ಟೇ ಕಾಣುತ್ತದೆ. ಸಮಯ ಮುಗಿಯಿತು ಎನ್ನುವಷ್ಟರಲ್ಲಿ ಯಾರೋ ಹತ್ತು ಪೈಸೆ ಇಳಿಸುತ್ತಾರೆ, ಗಡಿಯಾರ ಮತ್ತೆ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದು ಹರಾಜಿಗಿಟ್ಟಿದ್ದ ಬುಷ್ ನಾನು ಕೈಬಿಟ್ಟ ದರಕ್ಕೂ ಕೆಳಗೆ ಹೋಯಿತು. ಅಷ್ಟು ಹಣಕ್ಕೆ ಬಾರ್ ಸ್ಟಾಕ್ ಕೂಡ ಬರುತ್ತಿರಲಿಲ್ಲ.

ಆ ರಾತ್ರಿಯೇ ಪ್ರತಿ ಪೀಸಿಗೂ ಕಾಸ್ಟ್ ಶೀಟ್ ಬರೆಯಲು ಕೂತೆ. ಬಾರಿನ ತೂಕ, ಸ್ಕ್ರ್ಯಾಪ್ ಮಾರಿದರೆ ಬರುವ ದುಡ್ಡು, ಎಷ್ಟು ಪೀಸಿಗೊಮ್ಮೆ ಇನ್ಸರ್ಟ್ ಬದಲಾಗುತ್ತದೆ, ಕರೆಂಟು, ಕೂಲಿ, ಮಷಿನ್ ಕಂತು ಎಲ್ಲವನ್ನೂ ಹಾಕಿದೆ. ಕೊನೆಯಲ್ಲಿ, ಹಣ ತಡವಾದಷ್ಟು ಕಾಲ ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ಕಟ್ಟುವ ಬಡ್ಡಿಯನ್ನೂ ಸೇರಿಸಿದೆ. ಲಾಭ ಕೊಡುತ್ತಿವೆ ಎಂದು ಕಾಣುತ್ತಿದ್ದ ಪಾರ್ಟ್‌ಗಳು ಈ ಒಂದು ಸಾಲಿನಿಂದ ನಷ್ಟಕ್ಕೆ ಇಳಿದವು. ನೂರು ರೂಪಾಯಿ ಹೇಳಿ ಆರು ತಿಂಗಳಿಗೆ ಕೊಡುವವರಿಗಿಂತ, ತೊಂಬತ್ತೇಳು ಹೇಳಿ ಮೂವತ್ತು ದಿನಕ್ಕೆ ಕೊಡುವವರೇ ಮೇಲು ಎಂಬುದು ಲೆಕ್ಕದಲ್ಲಿ ಕಂಡಿತು.

ಶಾಪಿನ ಒಳಗಿನ ಖರ್ಚು ಇಳಿಸಿದ ಕೀರ್ತಿ ನಮ್ಮ ಹಿರಿಯ ಟರ್ನರ್‌ಗೆ ಸಲ್ಲಬೇಕು. ಆಗ ಬುಷ್‌ಗಳನ್ನು ತುಂಡು ಕತ್ತರಿಸಿಕೊಂಡು, ಒಂದು ಸಲ ಹೊರಮೈ, ತಿರುಗಿಸಿ ಕಟ್ಟಿ ಇನ್ನೊಂದು ಸಲ ಬೋರ್ ಮಾಡುತ್ತಿದ್ದೆವು. ಹೊರಮೈಗೂ ಬೋರಿಗೂ ಕೇಂದ್ರ ಕೂಡದೆ ರಿಜೆಕ್ಷನ್ ಬರುತ್ತಿತ್ತು. ಅವರು ಡಯಲ್ ಹಚ್ಚಿ ಮುಳ್ಳು ಆಡುವುದನ್ನು ತೋರಿಸಿ, "ಬಾರಿನಲ್ಲೇ ಎರಡೂ ಮುಗಿಸಿ ಆಮೇಲೆ ಕಟ್ ಮಾಡಿದ್ರೆ ರನ್‌ಔಟ್ ಎಲ್ಲಿಂದ ಬರುತ್ತೆ ಸಾರ್?" ಅಂದರು. ಹಾಗೇ ಪ್ರೋಗ್ರಾಂ ಬದಲಿಸಿದೆವು. ರಿಜೆಕ್ಷನ್ ಬಹುತೇಕ ನಿಂತಿತು, ಸಮಯವೂ ಉಳಿಯಿತು. ಅದನ್ನೇ ಹಿಡಿದುಕೊಂಡು ಪ್ಯಾಕಿಂಗ್ ಯಂತ್ರ, ಆಸ್ಪತ್ರೆ ಉಪಕರಣ ಮಾಡುವವರ ಬಾಗಿಲು ತಟ್ಟಿದೆ. ಆರ್ಡರ್ ಚಿಕ್ಕದು, ಆದರೆ ಹಣ ಸಮಯಕ್ಕೆ ಬರುತ್ತದೆ. ಒಬ್ಬ ಗಿರಾಕಿಯಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ವಹಿವಾಟು ಬೇಡ ಎಂಬ ಗುರಿ ಇಟ್ಟುಕೊಂಡೆ. ಅದನ್ನು ಮುಟ್ಟಲು ವರ್ಷಗಳೇ ಹಿಡಿದವು.

ಹಳೇ ಬಾಕಿಗೆ ಕೊನೆಗೆ ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಿದೆ. 2006ರ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಟಿಸ್ ಹೋದ ಮೇಲೆ ಕಂಪನಿ ಮಾತುಕತೆಗೆ ಕರೆದು ಅಸಲು ಕೊಟ್ಟಿತು. ಬಡ್ಡಿ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡೆ. ಆ ಹಣದಿಂದ ಮೊದಲು ಬಳೆ ಬಿಡಿಸಿದೆ. ಆ ಕಂಪನಿಯಿಂದ ಮತ್ತೆ ಆರ್ಡರ್ ಬರಲಿಲ್ಲ. ಕಾನೂನು ಗೊತ್ತಿದ್ದೂ ಜನ ಸುಮ್ಮನಿರುವುದು ಈ ಹೆದರಿಕೆಗೇ.

2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸಣ್ಣ ಉತ್ಪಾದಕರಿಗೆ ಈ ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಇದರಿಂದ ಕೆಲವರಾದರೂ ಎಚ್ಚೆತ್ತಿದ್ದಾರೆ.

ನನ್ನಂಥ ಶಾಪ್ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೆ: ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸಿನ ಮೇಲೂ ಹಾಕಿ, ಪಾವತಿಯ ದಿನವನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿ, ಬಡ್ಡಿಯನ್ನು ಕಾಸ್ಟ್ ಶೀಟಿಗೆ ಸೇರಿಸಿ. ದೊಡ್ಡ ಕಂಪನಿಗಳಲ್ಲಿ ಬಿಲ್ ಪಾಸ್ ಮಾಡುವ ಅಧಿಕಾರಿಗಳೇ, ನಿಮ್ಮ ಮೇಜಿನ ಮೇಲೆ ಕೂತಿರುವ ಆ ಬಿಲ್ಲಿನಲ್ಲಿ ಹತ್ತು ಮನೆಗಳ ಸಂಬಳವಿದೆ. ದಯವಿಟ್ಟು 45 ದಿನದೊಳಗೆ ಅದಕ್ಕೆ ಸಹಿ ಹಾಕಿ.