ಜಗಳಕ್ಕೊಂದು ಮೇಜು

ಆಫೀಸಿನಲ್ಲಿ ಒಬ್ಬ ಶತ್ರುವನ್ನಾದರೂ ಸಂಪಾದಿಸದವನು ನೌಕರಿ ಮಾಡಿದ್ದಾನೆಂದು ನಾನು ಒಪ್ಪುವುದಿಲ್ಲ. ಸಂಬಳ, ಪಿಂಚಣಿ, ಕ್ಯಾಂಟೀನಿನ ಉಪ್ಪಿಟ್ಟು ಎಲ್ಲ ಸರಿಯೇ. ಆದರೆ ನಮ್ಮ ಕಾಲದ ಗುಮಾಸ್ತನನ್ನು ಹತ್ತು ಗಂಟೆಗೆ ಸರಿಯಾಗಿ ಮೇಜಿನ ಮುಂದೆ ತಂದು ಕೂರಿಸುತ್ತಿದ್ದುದರಲ್ಲಿ ಹಾಜರಿ ಪುಸ್ತಕದ ಭಯಕ್ಕಿಂತ, ಎದುರು ಮೇಜಿನವನು ಇವತ್ತೇನು ಮಸಲತ್ತು ಹೂಡಿದ್ದಾನೋ ಎಂಬ ಕುತೂಹಲದ ಪಾಲೇ ಹೆಚ್ಚು. ನಾನು ಸೇರಿದ ಕಚೇರಿಯಲ್ಲಿ ಇಬ್ಬರು ಹಿರಿಯರು ಒಂದು ಪಂಚಿಂಗ್ ಮೆಷಿನ್ನಿನ ಸಲುವಾಗಿ ಮಾತು ಬಿಟ್ಟಿದ್ದರು. ಇಬ್ಬರ ಮೇಜಿಗೂ ನಡುವೆ ಮೂರಡಿ. ಕಡತ ಇಲ್ಲಿಂದ ಅಲ್ಲಿಗೆ ದಾಟಬೇಕಾದರೆ ಅಟೆಂಡರೇ ಬರಬೇಕು; ಆತನೂ ತನ್ನ ಗೌರವಕ್ಕೆ ತಕ್ಕಂತೆ ಒಂದು ಸುತ್ತು ಹಾಕಿಯೇ ಇಡುತ್ತಿದ್ದ. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹಿಂದಿನ ದಿನವೇ ಹೋಗಿ, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ದಿನ ಓಡಾಡಿದರು. ಮಾತು ಮಾತ್ರ ಆಡಲಿಲ್ಲ.

ಇಂಥ ದೀರ್ಘಾಯುಷ್ಯದ ಜಗಳಕ್ಕೆ ಮೇಜು ಬೇಕು, ಅದೂ ಅಲುಗದ ಮೇಜು. ಬೆಂಗಳೂರು ಒಂದು ಕಾಲಕ್ಕೆ ಅಂಥ ಮೇಜುಗಳ ಊರಾಗಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಕೆಲಸದ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕಾರ್ಖಾನೆ ಬಸ್ಸು, ಕನ್ನಡ ಸಂಘ, ಅದರ ನಾಟಕ. ಬೆಳಗಿನ ಪಾಳಿಯಲ್ಲಿ ಹುಟ್ಟಿದ ವೈಮನಸ್ಯ ಸಂಜೆ ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಮನೆಗೆ ಬರುತ್ತಿತ್ತು. ನಾಟಕದಲ್ಲಿ ಯಾರಿಗೆ ದುರ್ಯೋಧನ, ಯಾರಿಗೆ ದ್ವಾರಪಾಲಕ ಎಂಬಲ್ಲಿ ಇತ್ಯರ್ಥವಾಗುತ್ತಿತ್ತು. ದೊಡ್ಡ ಜಗಳಕ್ಕೂ ವಿಳಾಸವಿತ್ತು. 1980–81ರಲ್ಲಿ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ಯಾವ ಗೇಟಿನ ಮುಂದೆ ನಿಲ್ಲಬೇಕು, ಯಾರ ಹೆಸರು ಹೇಳಿ ಧಿಕ್ಕಾರ ಕೂಗಬೇಕು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ನನ್ನ ತಂಗಿಯ ಮಗಳು ಗ್ರಾಫಿಕ್ ಡಿಸೈನರ್. ಯಾರ ನೌಕರಳೂ ಅಲ್ಲ, ನಾಲ್ಕಾರು ಕಂಪನಿಗಳ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಕುಕ್ಕರಿನ ಸೀಟಿ ಕ್ಲೈಂಟಿನ ಕಿವಿಗೆ ಬೀಳುತ್ತದೆಂದು ಎಚ್‌ಎಸ್‌ಆರ್ ಲೇಔಟಿನ ಒಂದು ಕೋವರ್ಕಿಂಗ್ ಜಾಗಕ್ಕೆ ಹೋಗುತ್ತಾಳೆ. ಒಂದು ದಿನ ನನ್ನನ್ನೂ ಕರೆದೊಯ್ದಳು. ಜಾಗ ಚೆನ್ನಾಗಿಯೇ ಇದೆ. ಕಾಫಿ ಮೆಷಿನ್ನು, ಗೋಡೆಗೆ ಹಸಿರು, ಮೀಟಿಂಗ್ ರೂಮಿಗೆ ಕ್ರೆಡಿಟ್ಟು, ಫೋನಿಗೆ ಗಾಜಿನ ಬೂತು. ಆ ಬೂತಿನೊಳಗೆ ಒಬ್ಬ ಹುಡುಗ ಎರಡೂ ಕೈ ಬೀಸಿ ಯಾರ ಮೇಲೋ ರೇಗುತ್ತಿದ್ದ. ಹೊರಗಿದ್ದ ನಮಗೆ ಒಂದಕ್ಷರವೂ ಕೇಳಿಸುವಂತಿಲ್ಲ. ನಮ್ಮ ಕಚೇರಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಸೆಕ್ಷನ್‌ನವರು ಸೇರಿ, ಅರ್ಧ ಜನ ಅವನ ಕಡೆ, ಅರ್ಧ ಜನ ಎದುರು ಕಡೆ ಆಗಿರುತ್ತಿದ್ದರು.

‘ನಿನ್ನ ಮೇಜು ಯಾವುದೇ?’ ಎಂದೆ. ‘ಹಾಟ್ ಡೆಸ್ಕ್ ಮಾಮ, ಯಾವುದು ಖಾಲಿಯೋ ಅದು’ ಎಂದಳು. ಡ್ರಾಯರಿಲ್ಲ. ಗಾಜಿನ ಕೆಳಗೆ ಶಾರದಾಂಬೆಯ ಫೋಟೋ, ರೈಲಿನ ವೇಳಾಪಟ್ಟಿ ಸಿಕ್ಕಿಸುವಂತಿಲ್ಲ. ಪಕ್ಕದಲ್ಲಿದ್ದವರ ಹೆಸರು ಕೇಳಿದೆ; ಗೊತ್ತಿಲ್ಲ, ಇವತ್ತೇ ನೋಡಿದ್ದಂತೆ. ಪರಿಚಯ ಮಾಡಿಸಲೆಂದೇ ಒಬ್ಬ ಕಮ್ಯುನಿಟಿ ಮ್ಯಾನೇಜರ್ ಇದ್ದಾಳೆ, ಶುಕ್ರವಾರ ತಂಬೋಲ ಆಡಿಸುತ್ತಾಳೆ. ಅಲ್ಲಿ ಜಗಳಕ್ಕೆ ಉಳಿದಿರುವ ಒಂದೇ ವಸ್ತು ಏಸಿ. ಅದಕ್ಕೂ ಬಾಯಿ ತೆರೆಯುವಂತಿಲ್ಲ, ಆ್ಯಪಿನಲ್ಲಿ ಟಿಕೆಟ್ ರೈಸ್ ಮಾಡಬೇಕು.

ಈ ವ್ಯವಸ್ಥೆಗೆ ನಾಂದಿ ಹಾಡಿದವನಿಗೆ ಇದೇ ಕೊರತೆ ಕಾಡಿತ್ತೆಂಬುದು ತಮಾಷೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರಿಗೆ ಯಾರ ಕೈಕೆಳಗೂ ಇರದ ಸ್ವಾತಂತ್ರ್ಯ ಬೇಕು, ಆಫೀಸಿನ ಜನರ ಒಡನಾಟವೂ ಬೇಕು. ಸ್ಪೈರಲ್ ಮ್ಯೂಸ್ ಎಂಬ ಜಾಗದಲ್ಲಿ ಮೇಜು ಹಾಕಿ ಕಾದ. ಮೊದಲ ತಿಂಗಳು ಒಬ್ಬರೂ ಬರಲಿಲ್ಲವಂತೆ. 2010ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವಿವರ್ಕ್ ಆ ಒಡನಾಟವನ್ನೇ ಸೀಟಿನ ಲೆಕ್ಕದಲ್ಲಿ ಮಾರಲು ಹೊರಟಿತು. 2017ರಲ್ಲಿ ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೂ ಬಂತು. 2023ರಲ್ಲಿ ಅಮೆರಿಕದ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿದರೆ, ಇಲ್ಲಿಯ ವಿವರ್ಕ್ ಇಂಡಿಯಾ 2025ರಲ್ಲಿ ಷೇರುಪೇಟೆಗೇ ಕಾಲಿಟ್ಟಿತು. ಇಲ್ಲಿ ಸೀಟು ತುಂಬಿಸುವವರಲ್ಲಿ ನನ್ನ ಸೊಸೆಯಂಥ ಒಂಟಿ ದುಡಿಮೆಗಾರರು ಅಲ್ಪಸಂಖ್ಯಾತರು; ಮಹಡಿಗೆ ಮಹಡಿಯನ್ನೇ ಹಿಡಿಯುವವು ದೊಡ್ಡ ಕಂಪನಿಗಳು. ಸಾವಿರಾರು ಜನರಿಗೆ ಸಂಬಳ ಕೊಡುವ ಸಂಸ್ಥೆಯೂ ಕುರ್ಚಿಯನ್ನು ಬಾಡಿಗೆಗೆ ತರುತ್ತದೆ. ಬೇಡವಾದಾಗ ಕುರ್ಚಿ ವಾಪಸು, ಕೆಲವೊಮ್ಮೆ ಕೂತವನೂ ವಾಪಸು.

ದಿನಗೂಲಿ, ಗುತ್ತಿಗೆ ನಮಗೆ ಹೊಸತೇನಲ್ಲ. ಕರಾವಳಿಯವನಾದ ನನಗೆ ಯಕ್ಷಗಾನದ ಮೇಳಗಳು ನೆನಪಾಗುತ್ತವೆ. ಕಲಾವಿದನ ಒಪ್ಪಂದ ಒಂದು ತಿರುಗಾಟಕ್ಕಷ್ಟೇ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಗೆಜ್ಜೆ ಬಿಚ್ಚಬೇಕು. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಇಷ್ಟು ಅಭದ್ರ ಬದುಕಿನಲ್ಲೂ ಚೌಕಿಯಲ್ಲಿ ಯಾರು ಎಲ್ಲಿ ಕೂತು ಬಣ್ಣ ಹಚ್ಚಿಕೊಳ್ಳಬೇಕೆಂಬ ಕ್ರಮವಿತ್ತು. ಆ ಜಾಗ ಅವನದು. ಪಾತ್ರ ಹಂಚಿಕೆ ಸರಿಯಿಲ್ಲವೆಂದರೆ ಭಾಗವತರ ಮೇಲೆ ಮುನಿಸಿಕೊಳ್ಳಬಹುದು, ಪಡಿ ಸಾಲದೆಂದರೆ ಯಜಮಾನರ ಬಳಿ ಗೊಣಗಬಹುದು, ತೀರಾ ಸಿಟ್ಟು ಬಂದರೆ ಮುಂದಿನ ವರ್ಷ ಎದುರು ಮೇಳಕ್ಕೆ ಸೇರಿ ಉರಿಸಬಹುದು. ಕಾಲಮಿತಿ ಆಟಗಳು ಬಂದ ಮೇಲೆ ಅತಿಥಿ ಕಲಾವಿದರು ಹೆಚ್ಚಾದರು. ಕಾರಿನಲ್ಲಿ ಬಂದು, ಚೌಕಿಯಲ್ಲಿ ಖಾಲಿಯಿದ್ದ ಮೂಲೆಯಲ್ಲಿ ಬಣ್ಣ ಹಚ್ಚಿ, ಒಂದು ಪಾತ್ರ ಮುಗಿಸಿ, ಅದೇ ರಾತ್ರಿ ಇನ್ನೊಂದು ರಂಗಸ್ಥಳಕ್ಕೆ. ದುಡ್ಡು ಒಳ್ಳೆಯದೇ. ನನ್ನ ಸೊಸೆಯೂ ನಾನು ನಿವೃತ್ತನಾದಾಗ ಎಣಿಸಿದ್ದಕ್ಕಿಂತ ಜಾಸ್ತಿ ದುಡಿಯುತ್ತಾಳೆ. ಹಾಗಾಗಿ ಅವಳ ಮುಂದೆ ಈ ಉಪನ್ಯಾಸ ಬಿಚ್ಚುವುದಿಲ್ಲ.

ಆದರೆ ಅದೇ ಕಟ್ಟಡದ ಬಾಗಿಲಲ್ಲಿ ಇನ್ನೊಂದು ವರ್ಗವಿದೆ. ಮೇಲಿನವರಿಗೆ ಊಟ ತರುವ ಹುಡುಗರು. ಅವರಿಗೆ ಸರ್ವಿಸ್ ಲಿಫ್ಟು. ಅದೂ ಕೆಟ್ಟಿದ್ದರೆ ರಿಸೆಪ್ಷನ್ನಿನಲ್ಲಿ ‘ಕೆಳಗಡೆನೇ ಬಿಡಿ’. ಬಿಡುವಿದ್ದಾಗ ಕೂರುವುದು ತಮ್ಮದೇ ಬೈಕಿನ ಸೀಟಿನ ಮೇಲೆ. ಬಾಡಿಗೆ ಕೊಡದೆ ಸಿಕ್ಕಿರುವ ಡೆಸ್ಕ್ ಅದೊಂದೇ. ನೀತಿ ಆಯೋಗ 2022ರಲ್ಲಿ ಹಾಕಿದ ಅಂದಾಜಿನಂತೆ 2020–21ರಲ್ಲಿ ಗಿಗ್ ಕೆಲಸಗಾರರು ದೇಶದಲ್ಲಿ 77 ಲಕ್ಷ, 2029–30ಕ್ಕೆ 2.35 ಕೋಟಿ. ಸೊಸೆಗೆ ಕಾಯುತ್ತ ಕೆಳಗೆ ನಿಂತಿದ್ದಾಗ ಒಬ್ಬನ ಜೊತೆ ಮಾತಿಗೆ ಬಿದ್ದೆ. ಹಾವೇರಿ ಕಡೆಯವನು. ‘ಐಡಿ ಬ್ಲಾಕ್ ಆಗಿತ್ರೀ ಸರ, ವಾರ ಮನ್ಯಾಗ ಕುಂತಿದ್ದೆ’ ಎಂದ. ಏಕೆ ಎಂದರೆ, ಅವನಿಗೂ ತಿಳಿದಿಲ್ಲ. ಯಾರೋ ಗಿರಾಕಿ ಏನೋ ಒತ್ತಿದ್ದಾರೆ. ಚಾಟಿನಲ್ಲಿ ಕೇಳಿದರೆ ‘ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಅದೇ ವಾಕ್ಯ ಮೂರು ಸಲ ಬಂತಂತೆ. ‘ಬೈಯೋಣಂದ್ರ ಮನಷ್ಯಾನ ಸಿಗವಲ್ಲ ನೋಡ್ರಿ.’

ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಇವರಿಗಾಗಿ ಕಾನೂನು ಮಾಡಿದವು. ನಮ್ಮ ರಾಜ್ಯದ ಕಾನೂನಿನಲ್ಲಿ ಪತ್ರಿಕೆಗಳು ಹೆಚ್ಚು ಬರೆದದ್ದು ಕಲ್ಯಾಣ ಶುಲ್ಕದ ಬಗ್ಗೆ: ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಕಂಪನಿ ಶೇ. 1ರಿಂದ 5ರವರೆಗೆ ಕಟ್ಟಬೇಕು. ನನಗೆ ಹಿಡಿಸಿದ್ದು ಬೇರೆ ಕಲಮುಗಳು. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಕೊಟ್ಟು 14 ದಿನದ ನೋಟಿಸು ಕೊಡಬೇಕು. ದೂರು ಕೇಳಲು ಮನುಷ್ಯನೊಬ್ಬ ಇರಬೇಕು. ಮನುಷ್ಯನೊಬ್ಬ ಇರಬೇಕೆಂದು ಶಾಸನಸಭೆ ಕಾಯಿದೆ ಬರೆಯುವ ಕಾಲ! ನಮ್ಮ ಪಂಚಿಂಗ್ ಮೆಷಿನ್ ವೀರರು ಕೇಳಿದ್ದರೆ, ಪರಸ್ಪರ ಅಲ್ಲದಿದ್ದರೂ ಅಟೆಂಡರಿನ ಮೂಲಕ, ನಕ್ಕಿರುತ್ತಿದ್ದರು.

ಈ ಕಲಮುಗಳನ್ನು ಹುಡುಗನಿಗೆ ಹೇಳಿದೆ. ‘ಹಂಗಾರ ಒಂದ್ ಅರ್ಜಿ ಬರಕೊಡ್ರಿ’ ಎಂದ. ಸರ್ಕಾರಿ ಕೈ ಸುಮ್ಮನಿರುತ್ತದೆಯೇ, ಕಿಸೆಯಿಂದ ಪೆನ್ನು ತೆಗೆದು ಬಿಲ್ಲಿನ ಬೆನ್ನ ಮೇಲೆ ಶುರು ಮಾಡಿದೆ. ‘ಇಂದ’ ಸುಲಭ: ಅವನ ಹೆಸರು, ಐಡಿ, ಮೊಬೈಲು. ‘ಇವರಿಗೆ’ ಎಂದು ಬರೆದು ಅವನ ಮುಖ ನೋಡಿದೆ. ಅವನು ಫೋನು ತೆರೆದು ಆ್ಯಪಿನ ಮೂಲೆಮೂಲೆ ಒತ್ತಿದ. ಹೆಲ್ಪ್, ಅದರೊಳಗೆ ಎಫ್‌ಎಕ್ಯೂ, ಅದರೊಳಗೆ ಮತ್ತೆ ಹೆಲ್ಪ್. ಅಷ್ಟರಲ್ಲಿ ಆರ್ಡರ್ ಬಡಿದುಕೊಂಡಿತು.

‘ನೀವ್ ವಿಷಯ ಬರೀತಿರ್ರಿ ಸರ’ ಎಂದು ಕಿಕ್ಕರ್ ಒದ್ದ, ‘ಯಾರಿಗಂತ ನಾ ಕೇಳ್ಕೊಂಡ್ ಬರ್ತೀನಿ. ನಮ್ ಹುಡುಗೂರ್ದು ಐತಾರಕ್ಕ ಅಗರ ಕೆರಿ ಹತ್ರ ಮೀಟಿಂಗ್ ಐತಿ. ಆದ್ರ ಈ ಸಲ ಬಿಡಂಗಿಲ್ರಿ.’