ಖಾಲಿ ಲಾರಿಯಲ್ಲಿ ಕಲಿತವರು

ಎಂಬತ್ತರ ದಶಕದಲ್ಲಿ ಹಾಸನದ ಕಡೆ ಲಾರಿ ಡ್ರೈವರ್ ಆಗಬೇಕೆನ್ನುವವರು ಯಾರೂ ಡ್ರೈವಿಂಗ್ ಸ್ಕೂಲ್ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಮೊದಲು ಒಬ್ಬ ಡ್ರೈವರಣ್ಣನ ಕೈಕೆಳಗೆ ಕ್ಲೀನರ್ ಆಗಬೇಕಿತ್ತು. ಸಂಬಳದ ಮಾತೇ ಇಲ್ಲ. ಊಟ, ಟೀ, ಅವರಿಗೆ ಮನಸ್ಸು ಬಂದರೆ ಬತ್ತಾದಲ್ಲಿ ಒಂದಿಷ್ಟು. ಟೈರಿಗೆ ರಾಡಿನಿಂದ ಬಡಿದು ಸದ್ದಿನಲ್ಲೇ ಗಾಳಿ ತಿಳಿಯುವುದು, ಸ್ಟೆಪ್ನಿ ಇಳಿಸುವುದು, ಲೋಡಿನ ಮೇಲೆ ಹತ್ತಿ ತಾಡಪಾಲು ಬಿಗಿಯುವುದು, ಏರಿನಲ್ಲಿ ಗಾಡಿ ನಿಂತರೆ ನೆಗೆದು ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡುವುದು, ಇವೇ ಪಾಠ. ನಾನೂ ಹಾಗೆ ಬಂದವನು. ಲೈಸೆನ್ಸ್ ಎಂಬುದು ಕೊನೆಗೆ, ಕೆಲಸವೆಲ್ಲ ಕಲಿತಾದ ಮೇಲೆ ಬರುತ್ತಿದ್ದ ಕಾಗದ. ಈಗ ಭಾರಿ ವಾಹನ ಕಲಿಸುವ ಶಾಲೆಯಲ್ಲಿ ಹುಡುಗರ ಪಕ್ಕ ಕೂರುತ್ತೇನೆ. ಇವರಿಗೆ ಕಾಗದ ಮೊದಲು, ಕೆಲಸ ಆಮೇಲೆ.

ಕ್ಲೀನರ್ ಕಲಿಯುತ್ತಿದ್ದುದು ಹೆಚ್ಚಾಗಿ ಗಾಡಿಯ ಹೊರಗೆ. ಮಂಗಳೂರಿನ ಬಂದರಿನ ಗಲ್ಲಿಗಳಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಸುವಾಗ ಡ್ರೈವರಿಗೆ ಹಿಂದಿನ ಕಣ್ಣು ಅವನೇ. ‘ಬರ್ಲಿ, ಬರ್ಲಿ, ಲೆಫ್ಟ್ ಕಟ್, ಸಾಕ್ ಸಾಕ್, ಹೋಲ್ಡಾನ್!’ ಗದ್ದಲದಲ್ಲಿ ಕೂಗು ಕೇಳಿಸದಿದ್ದರೆ ಬಾಡಿಯ ಹಲಗೆಗೆ ಅಂಗೈಯಿಂದ ಏಟು. ಎರಡು ಏಟು ಬಿದ್ದರೆ ಹೋಗಬಹುದು, ಒಂದು ಏಟು ಬಿದ್ದರೆ ನಿಲ್ಲಬೇಕು. ಹೀಗೆ ವರ್ಷಗಟ್ಟಲೆ ಗಾಡಿಯ ಹಿಂದೆ ನಿಂತು ನೋಡಿದವನಿಗೆ ಅದರ ಉದ್ದಗಲ ಮೈಗೇ ಗೊತ್ತಾಗಿಬಿಡುತ್ತಿತ್ತು. ಮುಂದೆ ಸ್ಟೇರಿಂಗ್ ಹಿಡಿದಾಗ ಕನ್ನಡಿ ನೋಡದೆಯೇ ಹಿಂದಿನ ಮೂಲೆ ಎಲ್ಲಿದೆ ಎಂದು ಹೇಳಬಲ್ಲವನಾಗಿರುತ್ತಿದ್ದ.

ಸ್ಟೇರಿಂಗ್ ಸಿಗುತ್ತಿದ್ದುದು ರಾತ್ರಿ ಹೊತ್ತು, ಗಾಡಿ ಖಾಲಿ ಇದ್ದಾಗ, ಚನ್ನರಾಯಪಟ್ಟಣ ದಾಟಿದ ಮೇಲಿನ ನೇರ ರಸ್ತೆಯಲ್ಲಿ. ಟಾಟಾ 1210ಕ್ಕೆ ಪವರ್ ಸ್ಟೇರಿಂಗ್ ಎಲ್ಲಿಂದ ಬರಬೇಕು? ಗೇರ್ ಇಳಿಸಬೇಕಾದರೆ ಡಬಲ್ ಕ್ಲಚ್. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ಎಂಜಿನ್ ಸದ್ದು ಸರಿಯಾದ ಜಾಗಕ್ಕೆ ಬಂದ ಕ್ಷಣದಲ್ಲಿ ಗೇರ್ ತಾನಾಗಿ ಒಳಗೆ ಹೋಗುತ್ತದೆ, ತಪ್ಪಿದರೆ ಗೇರ್‌ಬಾಕ್ಸ್ ಹಲ್ಲು ಕಡಿಯುತ್ತದೆ. ‘ಕೈಯಲ್ಲಿ ನೂಕ್ಬೇಡ ಮರಿ, ಕಿವಿ ಕೊಡು’ ಎನ್ನುತ್ತಿದ್ದರು ನಮ್ಮ ಡ್ರೈವರಣ್ಣ. ನೂಕಿದರೆ ತಲೆಗೊಂದು ಮೊಟಕು.

ಶಿರಾಡಿ ಘಾಟಿಯಲ್ಲಿ ಮಾತ್ರ ಸೀಟು ಬಿಟ್ಟುಕೊಡುತ್ತಿರಲಿಲ್ಲ. ಸಕಲೇಶಪುರ ದಾಟಿ ದೋಣಿಗಾಲಿನಲ್ಲಿ ಟೀ ಕುಡಿದ ಮೇಲೆ ಗುಂಡ್ಯ ಬರುವತನಕ ಮಾತೂ ಕಡಿಮೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಅಲ್ಲಿನ ಕಾನೂನು. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಬ್ರೇಕನ್ನೇ ನಂಬಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ಮಾತು ಕೇಳುವುದಿಲ್ಲ. ಆ ವಾಸನೆಯನ್ನು ಮೊದಲು ಹಿಡಿಯಬೇಕಾದವನು ಕ್ಲೀನರ್.

ಹಾಗಂತ ಆ ಕಾಲವನ್ನು ಹಾಡಿ ಹೊಗಳುವವನಲ್ಲ ನಾನು. ಮೀಸೆ ಚಿಗುರದ ಹುಡುಗರನ್ನು ಹಗಲೂ ರಾತ್ರಿ ದುಡಿಸಿ, ಹೊಡೆದು, ಒಂದು ದಿನ ಯಾವುದೋ ಢಾಬಾದ ಮುಂದೆ ಇಳಿಸಿ ಹೋದವರೂ ಇದ್ದರು. ಹತ್ತು ವರ್ಷ ಕಳೆದರೂ ಸ್ಟೇರಿಂಗ್ ಮುಟ್ಟಲು ಬಿಡದವರಿದ್ದರು. ಕಲಿಸಿದರೆ ತಮ್ಮ ಸೀಟಿಗೇ ಸಂಚಕಾರ ಎಂಬ ಭಯ ಅವರಿಗೆ.

1989ರ ಜುಲೈ 1ರಿಂದ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂತು. ಮೊದಲು ಲಘು ವಾಹನದ ಲೈಸೆನ್ಸ್ ಪಡೆದಿದ್ದರೆ ಮಾತ್ರ ಲಾರಿಗೆ ಎಲ್‌ಎಲ್‌ಆರ್. ಜೊತೆಗೆ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಬೇಕು. ಬಂದರಿನ ಗಲ್ಲಿಯಲ್ಲಿ ಲಾರಿ ತಿರುಗಿಸಬಲ್ಲ ಹುಡುಗರು ದುಡ್ಡು ಕೊಟ್ಟು ಮಾರುತಿ ಕಾರು ಕಲಿಯಲು ಬಂದರು. ಆ ಪುಟ್ಟ ಕಾರಿನಲ್ಲಿ ಕೂತು ಲಾರಿಯ ಸ್ಟೇರಿಂಗ್ ತಿರುಗಿಸುವ ರಭಸದಲ್ಲೇ ತಿರುಗಿಸಿ ಚರಂಡಿಗಿಳಿಸಿದವರೂ ಉಂಟು. ಮುಂದೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮವೂ ಬಂತು. ಕ್ಲೀನರ್‌ಗಳಲ್ಲಿ ಎಂಟನೇ ಕ್ಲಾಸ್ ಮುಟ್ಟಿದವರೇ ಅಪರೂಪ. 2019ರಲ್ಲಿ ಅದನ್ನು ತೆಗೆದುಹಾಕಿದ್ದು ಸರಿಯಾದ ಕೆಲಸ. ಆದರೆ ಅಷ್ಟು ಹೊತ್ತಿಗೆ ಕ್ಲೀನರ್‌ಗಳೇ ಉಳಿದಿರಲಿಲ್ಲ.

ಅವರನ್ನು ಮುಗಿಸಿದ್ದು ಕಾನೂನಲ್ಲ, ಅದಿರು ಎಂದು ನನ್ನ ಲೆಕ್ಕ. ಚೀನಾಕ್ಕೆ ಹೋಗುವ ಕಬ್ಬಿಣದ ಅದಿರು ಬಳ್ಳಾರಿ, ಹೊಸಪೇಟೆ ಕಡೆಯಿಂದ ನವ ಮಂಗಳೂರು ಬಂದರಿಗೆ ಹೊರಟಾಗ ಶಿರಾಡಿಯಲ್ಲಿ ಲಾರಿಯ ಹಿಂದೆ ಲಾರಿ. ರಸ್ತೆಯಲ್ಲಿ ಗುಂಡಿ ಬಿಟ್ಟರೆ ಕೆಂಪು ಧೂಳು. ಸಾಲ ಮಾಡಿ ಲಾರಿ ಕೊಂಡವರಿಗೆ ಡ್ರೈವರ್ ಸಾಲದು. ಚಕ್ರಕ್ಕೆ ಮರದ ತುಂಡು ಕೊಡುತ್ತಿದ್ದ ಹುಡುಗನನ್ನೇ ರಾತ್ರೋರಾತ್ರಿ ಸ್ಟೇರಿಂಗ್ ಮುಂದೆ ಕೂರಿಸಿದರು. ಅವನ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗುವಾಗ ಅದರಲ್ಲಿ ಪಾಲು ಕೊಟ್ಟು ಕ್ಲೀನರನ್ನು ಯಾರು ಸಾಕುತ್ತಾರೆ? 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಲಾರಿಗಳು ನಿಂತವು. ಕ್ಲೀನರ್ ಮಾತ್ರ ವಾಪಸ್ ಬರಲಿಲ್ಲ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮ ಪುಸ್ತಕದಲ್ಲಾದರೂ ಇತ್ತು. 2018ರಲ್ಲಿ ಅದೂ ಹೋಯಿತು.

ಈಗಿನ ಕಲಿಕೆ ಹೇಗಿದೆ ಅಂದರೆ, ಸಾರಿಗೆ ವಾಹನಕ್ಕೆ ಮೂವತ್ತು ದಿನದ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಸ್ಟೇರಿಂಗ್ ಹಿಡಿದಿರಬೇಕು ಎನ್ನುತ್ತದೆ ನಿಯಮ. ಗಾಡಿ ಹಗುರ. ಪವರ್ ಸ್ಟೇರಿಂಗನ್ನು ಒಂದು ಬೆರಳಿನಲ್ಲಿ ತಿರುಗಿಸಬಹುದು. ಗೇರ್ ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ ಬೀಳುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಎಂಜಿನ್ ಕಾವಿಗೆ ಕಾಲು ಬೆಂದ ನನಗೆ ಇದರಿಂದ ಖುಷಿಯೇ. ಸಂಚಾರ ಚಿಹ್ನೆ, ಪ್ರಥಮ ಚಿಕಿತ್ಸೆ ಎಲ್ಲವನ್ನೂ ಹುಡುಗರು ನಮಗಿಂತ ಚೆನ್ನಾಗಿ ಓದಿಕೊಂಡಿರುತ್ತಾರೆ.

ಕೊರತೆ ಇರುವುದು ಬೇರೆ ಕಡೆ. ಶಾಲೆಯ ಲಾರಿ ಯಾವಾಗಲೂ ಖಾಲಿ. ಖಾಲಿ ಲಾರಿ ಬ್ರೇಕ್ ತುಳಿದ ಕೂಡಲೇ ನಿಲ್ಲುತ್ತದೆ. ಹತ್ತು ಟನ್ ಸಿಮೆಂಟ್ ಹೇರಿದ್ದು ಹಿಂದಿನಿಂದ ನೂಕುತ್ತದೆ, ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಆ ನೂಕಾಟವನ್ನು ಸೊಂಟದಲ್ಲಿ ಅನುಭವಿಸದೆ ಬೋರ್ಡಿನ ಮೇಲೆ ಎಷ್ಟು ಬರೆದು ಹೇಳಿದರೂ ತಲೆಗೆ ಹೋಗುವುದಿಲ್ಲ. ಒಂದಾದರೂ ಲೋಡ್ ಹೇರಿ ಘಾಟಿ ಇಳಿಸೋಣ ಎಂದು ನಮ್ಮ ಶಾಲೆಯ ಮಾಲೀಕರಿಗೆ ಹೇಳುತ್ತಲೇ ಇದ್ದೇನೆ. ಡೀಸೆಲ್ ಯಾರು ಹಾಕುತ್ತಾರೆ, ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಕೇಳುತ್ತಾರೆ. ಅವರ ಪ್ರಶ್ನೆಯೂ ನ್ಯಾಯವೇ.

ಈಚೆಗೆ ನಮ್ಮಲ್ಲಿ ಕಲಿತ ಹುಡುಗನೊಬ್ಬ ಹೊಸ ಲೈಸೆನ್ಸ್ ಹಿಡಿದು ಲಾರಿ ಮಾಲೀಕರೊಬ್ಬರ ಹತ್ತಿರ ಕೆಲಸ ಕೇಳಲು ಹೋದ. ಅವರು ಕಾರ್ಡು ತಿರುಗಿಸಿಯೂ ನೋಡಲಿಲ್ಲವಂತೆ. ‘ಲೋಡ್ ಗಾಡಿ ಘಾಟಿ ಇಳಿಸಿದ್ದೀಯೇನಪ್ಪಾ?’ ಎಂದರಂತೆ. ಇಲ್ಲ ಅಂದದ್ದಕ್ಕೆ, ಒಂದು ವರ್ಷ ಎಲ್ಲಾದರೂ ಟಿಪ್ಪರ್ ಓಡಿಸಿಕೊಂಡು ಬಾ ಎಂದು ಕಳಿಸಿದ್ದಾರೆ. ಅವನೀಗ ಕ್ರಷರ್ ಒಂದರಲ್ಲಿ ಜಲ್ಲಿ ಹೊಡೆಯುತ್ತಿದ್ದಾನೆ. ಅಲ್ಲಿ ಏನನ್ನೂ ಕೇಳಲಿಲ್ಲವಂತೆ, ಮೊದಲ ದಿನವೇ ಕೀ ಕೊಟ್ಟರಂತೆ.